ಕಡಲಾಚೆಯ ಹಾಡು, ಹಿತ್ತಿಲ ಋಣ

ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯು ಕನ್ನಡದಲ್ಲಿ ಹುಟ್ಟಿದುದಾದರೂ ಅದರ ಅರ್ಥವು ಕನ್ನಡ ನಾಡಿನ ಎಲ್ಲೆಯೊಳಗೆ ನಿಲ್ಲತಕ್ಕುದಲ್ಲ. ಮನೆಯ ಹಿಂದೆ ಬೆಳೆದ ಮೂಲಿಕೆಯನ್ನು ತುಳಿದುಕೊಂಡು ಓಡಾಡುವವನು, ಅದೇ ಮೂಲಿಕೆಯ ರಸವು ಪರದೇಶದ ಸೀಸೆಯಲ್ಲಿ ತುಂಬಿ ಬಂದರೆ ಕಣ್ಣಿಗೊತ್ತಿಕೊಂಡು ಸೇವಿಸುತ್ತಾನೆ. ಈ ಸ್ವಭಾವವು ಮನುಷ್ಯಜಾತಿಗೆಲ್ಲ ಸಾಮಾನ್ಯವಾದುದು. ಕಳೆದ ಶತಮಾನದಲ್ಲಿ ಇದಕ್ಕೆ ದೊರೆತ ದೊಡ್ಡ ನಿದರ್ಶನಗಳಲ್ಲಿ ಒಂದೆಂದರೆ, ಇಂಗ್ಲೆಂಡಿನ ರಾಕ್ ಸಂಗೀತದ ಮೇಲೆ ಅಮೆರಿಕಾದ ಜನರು ತಮ್ಮ ಆಯುಷ್ಯವಿಡೀ ಇಟ್ಟುಕೊಂಡ ಪ್ರೀತಿ.

೧೯೬೪ನೆಯ ಇಸವಿ ಫೆಬ್ರವರಿ ೯ನೆಯ ತಾರೀಖು ಆದಿತ್ಯವಾರ ರಾತ್ರಿ, ನ್ಯೂಯಾರ್ಕಿನಲ್ಲಿ ಎಡ್ ಸಲಿವನ್ ಎಂಬವರು ನಡೆಸುತ್ತಿದ್ದ ಟೆಲಿವಿಷನ್ ಕಾರ್ಯಕ್ರಮದಲ್ಲಿ ಲಿವರ್‌ಪೂಲ್ ಪಟ್ಟಣದ ನಾಲ್ವರು ತರುಣರು ಹಾಡಿದರು. ಬೀಟಲ್ಸ್ ಎಂಬ ಆ ಮೇಳವನ್ನು ಅಂದು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ನೋಡಿದವರ ಸಂಖ್ಯೆಯು ಸುಮಾರು ಏಳು ಕೋಟಿ ಮೂವತ್ತು ಲಕ್ಷವೆಂದು ಲೆಕ್ಕ. ಅದೇ ವರ್ಷ ಏಪ್ರಿಲ್ ೪ನೆಯ ತಾರೀಖಿನ 'ಬಿಲ್‌ಬೋರ್ಡ್' ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಐದು ಸ್ಥಾನಗಳೂ ಆ ನಾಲ್ವರ ಹಾಡುಗಳಿಗೇ ಸಂದಿದ್ದುವು. ಅವರ ಬೆನ್ನಿಗೆ ರೋಲಿಂಗ್ ಸ್ಟೋನ್ಸ್, ಕಿಂಕ್ಸ್, ಆನಿಮಲ್ಸ್ ಮೊದಲಾದ ಮೇಳಗಳು ಒಂದಾದ ಮೇಲೊಂದರಂತೆ ಕಡಲು ದಾಟಿ ಬಂದುವು. ಆ ರಾತ್ರಿ ಹನ್ನೆರಡು ಹದಿಮೂರು ವರ್ಷದವರಾಗಿದ್ದ ಹುಡುಗ ಹುಡುಗಿಯರು ಈಗ ಎಪ್ಪತ್ತನ್ನು ದಾಟಿದ್ದಾರೆ. ಅವರ ಕೂದಲು ನರೆತಿದೆ, ಕಿವಿ ಮಂದವಾಗಿದೆ. ಪ್ರೀತಿ ಮಾತ್ರ ನರೆತಿಲ್ಲ. ಪಿಂಕ್ ಫ್ಲಾಯ್ಡ್ ಎಂಬ ಲಂಡನ್ನಿನ ಮೇಳವು ೧೯೭೩ರಲ್ಲಿ ಹೊರತಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಎಂಬ ಧ್ವನಿಮುದ್ರಿಕೆಯು ೧೯೮೮ರವರೆಗಿನ ಅವಧಿಯಲ್ಲಿ ೭೪೧ ವಾರಗಳ ಕಾಲ ಅಮೆರಿಕಾದ ಮಾರಾಟದ ಪಟ್ಟಿಯಲ್ಲಿ ನಿಂತಿತೆಂಬುದೊಂದೇ ಸಾಕು, ಇದು ಒಂದು ಋತುವಿನ ಮೋಹವಲ್ಲವೆಂದು ತಿಳಿಯಲು.

ಈ ಪ್ರೀತಿಯ ವಿಷಯದಲ್ಲಿ ಮೂರು ಬಗೆಯ ಮಾತುಗಳು ಕೇಳಿಬರುತ್ತವೆ. ಇದು ಪ್ರಾಯದ ಹುಚ್ಚು, ಮೇಲಾಗಿ ಪರದೇಶದ ಸರಕಿನ ಮೇಲಿನ ವ್ಯಾಮೋಹ, ವಯಸ್ಸಾದವರಿಗೆ ಶೋಭಿಸತಕ್ಕುದಲ್ಲವೆಂದು ಹೇಳುವವರು ಒಂದು ಪಕ್ಷ. ಇಂಗ್ಲೆಂಡಿನವರು ತಂದು ಮಾರಿದುದೆಲ್ಲವೂ ಅಮೆರಿಕಾದ ಕಪ್ಪು ಜನರಿಂದ ಕದ್ದ ಮಾಲು, ಆದುದರಿಂದ ಅದನ್ನು ಪ್ರೀತಿಸುವುದೇ ಪಾಪವೆಂದು ಹೇಳುವವರು ಎರಡನೆಯ ಪಕ್ಷ. ಮೂರನೆಯ ಪಕ್ಷದವರು ರಸಿಕರೇ. ಹಾಡು ಇಂಪಾಗಿದ್ದರೆ ಸಾಕು, ಅದು ಯಾರ ಹಿತ್ತಿಲಲ್ಲಿ ಬೆಳೆಯಿತೆಂದು ಕೇಳುವುದೇಕೆ ಎಂಬುದು ಇವರ ವಾದ. ಮೊದಲಿನ ಎರಡು ಮಾತುಗಳು ತಪ್ಪು. ಮೂರನೆಯದು ತಪ್ಪಷ್ಟೇ ಅಲ್ಲ, ಅನ್ಯಾಯವೂ ಹೌದು.

ಮೊದಲನೆಯ ಪಕ್ಷಕ್ಕೆ ಉತ್ತರವು ಸುಲಭ. ಸಂಗೀತಕ್ಕೆ ಹುಟ್ಟಿದ ಊರಿದೆ, ಆದರೆ ಕಾವಲಿನ ಗಡಿಯಿಲ್ಲ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಗಾಯಕರ ಪಕ್ಕದಲ್ಲಿ ಕೂರುವ ಪಿಟೀಲು ಯೂರೋಪಿನಿಂದ ಬಂದ ವಾದ್ಯ; ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿದಾಗ ಅದು ಪರದೇಶಿಯೆಂದು ಯಾವ ರಸಿಕನೂ ಎದ್ದುಹೋಗಲಿಲ್ಲ. ಇನ್ನು ವಯಸ್ಸಿನ ಮಾತು. ಬಾಲ್ಯದಲ್ಲಿ ಕೇಳಿದ ದೇವರನಾಮವನ್ನು ಎಂಬತ್ತರ ಮುದುಕಿ ಗುನುಗಿದರೆ ಅದು ಭಕ್ತಿ, ಅದೇ ವಯಸ್ಸಿನ ಅಮೆರಿಕನ್ನನು ತಾನು ಬಾಲ್ಯದಲ್ಲಿ ಕೇಳಿದುದನ್ನು ಗುನುಗಿದರೆ ಹುಚ್ಚು ಎನ್ನುವುದು ಯಾವ ನ್ಯಾಯ? ಆಯುಷ್ಯವಿಡೀ ಜೊತೆಗೆ ಬಂದ ಹಾಡು ಮನುಷ್ಯನ ನೆನಪಿನ ಅಂಗವಾಗಿಬಿಡುತ್ತದೆ. ಅದನ್ನು ಕಿತ್ತೆಸೆಯೆಂದು ಹೇಳುವ ಅಧಿಕಾರವು ಯಾರಿಗೂ ಇಲ್ಲ.

ಎರಡನೆಯ ಪಕ್ಷವನ್ನು ವಿಚಾರಿಸುವ ಮೊದಲು ಕದ್ದುದೆಂದು ಹೇಳಲಾಗುವ ಒಡವೆ ಯಾವುದೆಂದು ತಿಳಿಯಬೇಕು. ಅದರ ಹೆಸರು ಬ್ಲೂಸ್. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯು ಮಿಸಿಸಿಪಿ ಮೊದಲಾದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳಲ್ಲಿ ಈ ಹಾಡನ್ನು ಬೆಳೆಸಿತು. ಸಾಮಾನ್ಯವಾಗಿ ಹನ್ನೆರಡು ಆವರ್ತಗಳ ಚೌಕಟ್ಟು. ಮೊದಲ ಸಾಲನ್ನು ಎರಡಾವರ್ತಿ ಹೇಳಿ ಮೂರನೆಯದರಲ್ಲಿ ಅದಕ್ಕೆ ಉತ್ತರ. ಗಾಂಧಾರ ನಿಷಾದಗಳನ್ನು ಅವುಗಳ ಸ್ಥಾನದಿಂದ ಕೊಂಚ ಇಳಿಸಿ ಹಿಡಿಯುವುದರಿಂದ ಬರುವ ಒಂದು ಬಗೆಯ ಅಳಲು. ಇಷ್ಟು ಅದರ ಲಕ್ಷಣ. ಮಡ್ಡಿ ವಾಟರ್ಸ್ ಎಂಬ ಗಾಯಕರು ೧೯೪೩ರಲ್ಲಿ ಮಿಸಿಸಿಪಿಯ ಹೊಲವನ್ನು ಬಿಟ್ಟು ಚಿಕಾಗೊ ನಗರಕ್ಕೆ ಹೋದರು. ಅಲ್ಲಿಯ ಗದ್ದಲದಲ್ಲಿ ಕೇಳಿಸುವಂತೆ ಅವರು ವಿದ್ಯುತ್ತಿನ ಗಿಟಾರನ್ನು ಹಿಡಿದುದರಿಂದ ಆ ಹಳ್ಳಿಯ ಹಾಡು ನಗರದ ಘರ್ಜನೆಯಾಯಿತು. ರಾಕ್ ಸಂಗೀತದ ತಾಯಿಬೇರು ಇದೇ. ಆದರೆ ಅಮೆರಿಕಾ ದೇಶವು ಈ ಬೇರಿಗೆ ಕೊಟ್ಟ ಮರ್ಯಾದೆ ಎಂತಹುದು? ೧೯೪೯ರವರೆಗೆ ವ್ಯಾಪಾರದ ಪಟ್ಟಿಯಲ್ಲಿ ಈ ಧ್ವನಿಮುದ್ರಿಕೆಗಳಿಗೆ 'ರೇಸ್ ರೆಕಾರ್ಡ್ಸ್', ಎಂದರೆ ಜನಾಂಗದ ಮುದ್ರಿಕೆಗಳು, ಎಂದು ಹಣೆಪಟ್ಟಿ ಹಚ್ಚಿ ಬೇರೆ ಪಂಕ್ತಿಯಲ್ಲಿ ಕೂರಿಸಲಾಗಿತ್ತು. ಆಮೇಲೆ ಹೆಸರು ಬದಲಾಯಿತು, ಪಂಕ್ತಿ ಬದಲಾಗಲಿಲ್ಲ.

ಈ ಸ್ಥಿತಿಯಲ್ಲಿ, ಯುದ್ಧದ ಬಳಿಕ ೧೯೫೪ರವರೆಗೂ ಪಡಿತರದಲ್ಲಿ ಬದುಕಿದ ಇಂಗ್ಲೆಂಡಿನಲ್ಲಿ ಬೆಳೆದ ಹುಡುಗರ ಕಿವಿಗೆ ಆ ಹಾಡು ಬಿದ್ದಿತು. ಲಿವರ್‌ಪೂಲ್ ಬಂದರಿನಿಂದ ನ್ಯೂಯಾರ್ಕಿಗೆ ಹೋಗಿಬರುತ್ತಿದ್ದ ಹಡಗುಗಳ ನೌಕರರು ಅಮೆರಿಕಾದ ಪ್ಲೇಟುಗಳನ್ನು ತರುತ್ತಿದ್ದರು. ಮಡ್ಡಿ ವಾಟರ್ಸ್ ತಾವೇ ೧೯೫೮ರಲ್ಲಿ ಇಂಗ್ಲೆಂಡಿಗೆ ಬಂದು ಹಾಡಿದರು. ೧೯೬೧ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ಎಂಬ ಹುಡುಗನು ತನ್ನ ಬಾಲ್ಯದ ಪರಿಚಯದ ಮಿಕ್ ಜಾಗರ್ ಎಂಬವನನ್ನು ಕಂಡನು. ಜಾಗರನ ಕಂಕುಳಲ್ಲಿದ್ದುದು ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ಇವರ ಧ್ವನಿಮುದ್ರಿಕೆಗಳು. ಮರುವರ್ಷ ಅವರು ಕಟ್ಟಿದ ಮೇಳಕ್ಕೆ ಇಟ್ಟ ಹೆಸರು ಮಡ್ಡಿ ವಾಟರ್ಸರ ೧೯೫೦ರ ಒಂದು ಹಾಡಿನಿಂದ ಬಂದುದು. ಬೀಟಲ್ಸರ ೧೯೬೩ರ ಮೊದಲ ದೊಡ್ಡ ಧ್ವನಿಮುದ್ರಿಕೆಯಲ್ಲಿದ್ದ ಹದಿನಾಲ್ಕು ಹಾಡುಗಳಲ್ಲಿ ಆರು ಅವರ ಸ್ವಂತ ರಚನೆಗಳಲ್ಲ. ಆ ಆರರಲ್ಲಿ ಐದು, ಅಮೆರಿಕಾದ ಕಪ್ಪು ಗಾಯಕ ಗಾಯಕಿಯರ ಕಂಠದಿಂದ ಕಲಿತವು.

ಇದು ಕಳ್ಳತನವೇ? ಕಳ್ಳನು ಒಡವೆಯ ಒಡೆಯನನ್ನು ಊರಿನ ಮುಂದೆ ಕರೆತಂದು ಪೀಠದ ಮೇಲೆ ಕೂರಿಸುವುದಿಲ್ಲ. ರೋಲಿಂಗ್ ಸ್ಟೋನ್ಸ್ ಮೇಳದವರು ೧೯೬೪ರ ಜೂನಿನಲ್ಲಿ ಅಮೆರಿಕಾಕ್ಕೆ ಬಂದಾಗ ಚಿಕಾಗೊದ ಸೌತ್ ಮಿಷಿಗನ್ ಅವೆನ್ಯೂ ೨೧೨೦ನೆಯ ನಂಬರಿನ ಕಟ್ಟಡದಲ್ಲಿದ್ದ ಚೆಸ್ ಕಂಪೆನಿಯ ಮುದ್ರಣಶಾಲೆಗೆ ಯಾತ್ರಿಕರಂತೆ ಹೋದರು. ಅಲ್ಲಿ ಮುದ್ರಿಸಿದ ಒಂದು ವಾದ್ಯರಚನೆಗೆ ಆ ವಿಳಾಸವನ್ನೇ ಹೆಸರಾಗಿ ಇಟ್ಟರು. ೧೯೬೫ರಲ್ಲಿ 'ಶಿಂಡಿಗ್' ಎಂಬ ಅಮೆರಿಕಾದ ಟೆಲಿವಿಷನ್ ಕಾರ್ಯಕ್ರಮಕ್ಕೆ ಅವರನ್ನು ಕರೆದಾಗ, ಹೌಲಿನ್ ವುಲ್ಫ್ ಎಂಬ ಹಿರಿಯ ಬ್ಲೂಸ್ ಗಾಯಕರನ್ನೂ ಕರೆಯಬೇಕೆಂದು ಪಟ್ಟುಹಿಡಿದರು. ಅಮೆರಿಕಾದ ಮಹಾಗಾಯಕರೊಬ್ಬರನ್ನು ಅಮೆರಿಕಾದ ಮನೆಗಳಿಗೆ ಪರಿಚಯ ಮಾಡಿಸಲು ಲಂಡನ್ನಿನ ಹುಡುಗರು ಬೇಕಾಯಿತು! ೧೯೬೪ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ, ಕಪ್ಪು ಜನರನ್ನು ಬೇರೆ ಕೂರಿಸುವುದಾದರೆ ತಾವು ಹಾಡುವುದಿಲ್ಲವೆಂದು ಬೀಟಲ್ಸರು ಸಾರಿ, ಎಲ್ಲರೂ ಕೂಡಿ ಕುಳಿತ ಸಭೆಯಲ್ಲಿಯೇ ಹಾಡಿದರು. ಇವನ್ನೆಲ್ಲ ಮರೆಯುವುದು ಇತಿಹಾಸಕ್ಕೆ ದ್ರೋಹ.

ಅಷ್ಟೇ ಅಲ್ಲದೆ, ತೆಗೆದುಕೊಂಡುದನ್ನು ಅವರು ಇದ್ದಂತೆಯೇ ಒಪ್ಪಿಸಲಿಲ್ಲ. ತಮ್ಮ ನೆಲದ ಮಣ್ಣನ್ನು ಅದಕ್ಕೆ ಬೆರೆಸಿದರು. ಬೀಟಲ್ಸರು ೧೯೬೬ರಲ್ಲಿ 'ಎಲಿನರ್ ರಿಗ್ಬಿ' ಎಂಬ ಹಾಡಿಗೆ ಗಿಟಾರನ್ನೂ ಮದ್ದಳೆಯನ್ನೂ ಬಿಟ್ಟು ಎಂಟು ತಂತಿವಾದ್ಯಗಳ ಹಿನ್ನೆಲೆಯನ್ನಷ್ಟೇ ಇಟ್ಟರು. ಕಿಂಕ್ಸ್ ಮೇಳವು ೧೯೬೮ರಲ್ಲಿ, ಕಣ್ಮರೆಯಾಗುತ್ತಿದ್ದ ಇಂಗ್ಲಿಷ್ ಹಳ್ಳಿಯ ಬಾಳನ್ನು ಒಂದು ಧ್ವನಿಮುದ್ರಿಕೆಯ ವಸ್ತುವಾಗಿ ಮಾಡಿತು. ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಎಂಬ ಕೂಲಿ ತರುಣರು ತಗಡಿನ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡರು. ಎಡಗೈಯಿಂದ ಮೀಟಿ ಬಲಗೈಯಿಂದ ತಂತಿ ಒತ್ತುವ ವಾದಕರಿಗೆ ಇದು ಮರಣಶಾಸನವೇ. ಅವರು ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತಂತಿಗಳನ್ನು ಹಗುರಮಾಡಿ, ಮುಂದೆ ಅವುಗಳ ಶ್ರುತಿಯನ್ನೂ ಇಳಿಸಿ ನುಡಿಸಿದರು. ೧೯೭೦ರಲ್ಲಿ ಬ್ಲ್ಯಾಕ್ ಸ್ಯಾಬತ್ ಎಂಬ ಅವರ ಮೇಳದ ಮೊದಲ ಧ್ವನಿಮುದ್ರಿಕೆಯಲ್ಲಿ ಕೇಳಿಬಂದ ಆ ಭಾರವಾದ ನಾದವು ಒಂದು ಹೊಸ ಶಾಖೆಗೇ ಮೂಲವಾಯಿತು. ಇದು ಮಿಸಿಸಿಪಿಯಲ್ಲಿ ಇರಲಿಲ್ಲ, ಚಿಕಾಗೊದಲ್ಲಿಯೂ ಇರಲಿಲ್ಲ. ಆದುದರಿಂದ ಇಂಗ್ಲೆಂಡಿನ ರಾಕ್ ಸಂಗೀತವೆಲ್ಲ ಕದ್ದ ಮಾಲೆಂಬ ಮಾತು ನಿಲ್ಲತಕ್ಕುದಲ್ಲ.

ಇಷ್ಟು ಹೇಳಿದ ಕೂಡಲೆ ಮೂರನೆಯ ಪಕ್ಷದ ರಸಿಕರು ಹಿಗ್ಗಿ ಚಪ್ಪಾಳೆ ತಟ್ಟಬಾರದು. ಕಳ್ಳತನವಲ್ಲವೆಂದ ಮಾತ್ರಕ್ಕೆ ಸಾಲವಿಲ್ಲವೆಂದು ಆಗುವುದಿಲ್ಲ. ಸಾಲವು ದೊಡ್ಡದಾಗಿಯೇ ಇದೆ. ಅನೇಕ ಸಲ ಅದನ್ನು ತೀರಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಲೆಡ್ ಜೆಪ್ಲಿನ್ ಮೇಳದ ೧೯೬೯ರ ಪ್ರಸಿದ್ಧವಾದ ಹಾಡು 'ಹೋಲ್ ಲಾಟಾ ಲವ್'. ವಿಲ್ಲಿ ಡಿಕ್ಸನ್ ಎಂಬ ಚಿಕಾಗೊದ ವಾಗ್ಗೇಯಕಾರರು ರಚಿಸಿ, ಮಡ್ಡಿ ವಾಟರ್ಸರು ೧೯೬೨ರಲ್ಲಿ ಹಾಡಿದ್ದ ಒಂದು ಹಾಡಿನ ಮಾತುಗಳು ಅದರೊಳಗೆ ಸೇರಿದ್ದುವು. ಡಿಕ್ಸನ್ನರ ಹೆಸರು ಮಾತ್ರ ಸೇರಿರಲಿಲ್ಲ. ೧೯೮೫ರಲ್ಲಿ ಅವರು ದಾವೆ ಹೂಡಿದರು, ೧೯೮೭ರಲ್ಲಿ ರಾಜಿಯಾಯಿತು. ಹಾಡು ಲೋಕವನ್ನೆಲ್ಲ ಸುತ್ತಿ ಹದಿನೆಂಟು ವರ್ಷಗಳಾದ ಮೇಲೆ ಅದರ ಪಾಲುಗಾರರಿಗೆ ಪಾಲು ದೊರೆಯಿತು. ರಾಬರ್ಟ್ ಜಾನ್ಸನ್ನರ ಕಥೆ ಇನ್ನೂ ದಾರುಣವಾದುದು. ೧೯೩೮ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಬಡತನದಲ್ಲಿಯೇ ತೀರಿಕೊಂಡ ಆ ಗಾಯಕರ 'ಲವ್ ಇನ್ ವೇಯ್ನ್' ಎಂಬ ಹಾಡನ್ನು ರೋಲಿಂಗ್ ಸ್ಟೋನ್ಸ್ ೧೯೬೯ರಲ್ಲಿ ಹೊರತಂದಾಗ ಅದರ ಮೇಲೆ ಅವರ ಹೆಸರಿರಲಿಲ್ಲ. ಆ ಹಾಡಿನ ಹಕ್ಕು ಜಾನ್ಸನ್ನರ ವಾರಸಿಗೆ ಸೇರಿದುದೆಂಬ ತೀರ್ಪು ಅಮೆರಿಕಾದ ಮೇಲ್ಮನವಿಯ ನ್ಯಾಯಾಲಯದಿಂದ ೨೦೦೦ನೆಯ ಇಸವಿಯಲ್ಲಿ ಬಂದಿತು.

ಹಣದ ಸಾಲಕ್ಕಿಂತಲೂ ಮರ್ಯಾದೆಯ ಸಾಲವು ಹೆಚ್ಚು ಸುಡತಕ್ಕುದು. ಎರಿಕ್ ಕ್ಲಾಪ್ಟನ್ನರ ಕೀರ್ತಿಯು ಬ್ಲೂಸಿನ ಮೇಲೆ ಕಟ್ಟಿದ ಮನೆ. ೧೯೭೪ರಲ್ಲಿ ಅಮೆರಿಕಾದ ಪಟ್ಟಿಯಲ್ಲಿ ಅವರನ್ನು ಮೊದಲ ಸ್ಥಾನಕ್ಕೆ ಏರಿಸಿದ ಹಾಡೂ ಜಮೈಕಾದ ಬಾಬ್ ಮಾರ್ಲಿಯವರ ರಚನೆ. ಅಂತಹವರೇ ೧೯೭೬ರಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯ ಮೇಲೆ ನಿಂತು, ವಲಸೆ ಬಂದ ಕಪ್ಪು ಜನರ ವಿರುದ್ಧವಾಗಿ ಮಾತಾಡಿ ಇನಾಕ್ ಪೊವೆಲ್ಲರ ಪಕ್ಷವನ್ನು ಎತ್ತಿ ಹಿಡಿದರು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಅಲ್ಲವೆ? ಕ್ಲಾಪ್ಟನ್ನರು ಬಹುಕಾಲದ ಮೇಲೆ ಪಶ್ಚಾತ್ತಾಪವನ್ನು ವ್ಯಕ್ತಪಡಿಸಿದರೆಂಬುದು ನಿಜ. ಆ ಮಾತಿಗೆ ಪ್ರತಿಭಟನೆಯಾಗಿ ಅದೇ ವರ್ಷ ಇಂಗ್ಲೆಂಡಿನಲ್ಲಿಯೇ 'ರಾಕ್ ಎಗೇನ್‌ಸ್ಟ್ ರೇಸಿಸಂ' ಎಂಬ ಚಳವಳಿಯು ಹುಟ್ಟಿತೆಂಬುದೂ ನಿಜ. ಆ ಚಳವಳಿಯನ್ನು ಕಟ್ಟಿದವರೂ ರಾಕ್ ಸಂಗೀತದ ರಸಿಕರೇ. ಮೂಲವನ್ನು ನೆನೆಯುವುದು ರಸಭಂಗವೆಂದು ಅವರು ತಿಳಿಯಲಿಲ್ಲ.

ಅಮೆರಿಕಾದ ರಸಿಕರ ಪಾಲಿಗೆ ಈ ಸಾಲವು ಇಂಗ್ಲೆಂಡಿನವರ ಸಾಲಕ್ಕಿಂತಲೂ ದೊಡ್ಡದು. ಏಕೆಂದರೆ ಹಿತ್ತಿಲು ಅವರದೇ. ಸಿಸ್ಟರ್ ರೊಸೆಟಾ ಥಾರ್ಪ್ ಎಂಬ ಗಾಯಕಿಯು ದೇವರ ಸ್ತುತಿಯನ್ನು ವಿದ್ಯುತ್ತಿನ ಗಿಟಾರಿನ ಮೇಲೆ ನುಡಿಸಿ, ಮುಂದೆ ರಾಕ್ ಎನಿಸಿದ ನಾದಕ್ಕೆ ದಾರಿ ತೋರಿದವರಲ್ಲಿ ಮೊದಲಿಗರು. ೧೯೬೪ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ನಗರದ ಒಂದು ಪಾಳು ರೈಲು ನಿಲ್ದಾಣದಲ್ಲಿ, ಮಳೆಯ ನಡುವೆ ಆಕೆ ಹಾಡಿದುದನ್ನು ಇಂಗ್ಲೆಂಡಿನ ಟೆಲಿವಿಷನ್ ಕಂಪೆನಿಯೊಂದು ಚಿತ್ರಿಸಿ ಉಳಿಸಿತು. ತಾಯ್ನಾಡಿನಲ್ಲಿ ಆಕೆಗೆ ದೊರೆತುದೇನು? ೧೯೭೩ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡ ಮೇಲೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆಕೆಯ ಸಮಾಧಿಯ ಮೇಲೆ ಹೆಸರು ಕೊರೆದ ಕಲ್ಲೂ ಇರಲಿಲ್ಲ. ಕ್ಲೀವ್‌ಲೆಂಡ್ ನಗರದ ರಾಕ್ ಕೀರ್ತಿಮಂದಿರದಲ್ಲಿ ಆಕೆಗೆ ಸ್ಥಾನ ಸಿಕ್ಕಿದುದು ೨೦೧೮ರಲ್ಲಿ. ಸಿಯಾಟಲ್ ನಗರದಲ್ಲಿ ಹುಟ್ಟಿದ ಜಿಮಿ ಹೆಂಡ್ರಿಕ್ಸ್ ಅನೇಕ ವರ್ಷ ಅನ್ಯರ ಬೆನ್ನ ಹಿಂದೆ ನಿಂತು ಗಿಟಾರು ನುಡಿಸಿದರು. ೧೯೬೬ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೋಗಿ ಅಲ್ಲಿ ಮನ್ನಣೆ ಪಡೆದು, ೧೯೬೭ರ ಜೂನಿನಲ್ಲಿ ಮಾಂಟೆರೆಯ ಉತ್ಸವಕ್ಕೆ ಹಿಂದಿರುಗಿದ ಮೇಲೆಯೇ ತಾಯ್ನಾಡು ಅವರತ್ತ ಕಣ್ಣೆತ್ತಿ ನೋಡಿತು. ಗಿಡ ಅದೇ, ಹಿತ್ತಿಲೂ ಅದೇ. ಕಡಲಾಚೆಯ ಸೀಸೆ ಮಾತ್ರ ಬೇಕಾಗಿತ್ತು.

ಹಾಡು ಇಂಪಾಗಿದ್ದರೆ ಸಾಕು, ಹೆಸರೇಕೆ ಎನ್ನುವವರು ಹರಿದಾಸರನ್ನು ನೆನೆಯಲಿ. ದಾಸರ ಪದದ ಕೊನೆಯಲ್ಲಿ ಅಂಕಿತವಿರುತ್ತದೆ. ಪುರಂದರವಿಠಲನೆಂದು ಕೇಳಿದ ಕೂಡಲೆ ಪದವು ಯಾರದೆಂದು ಹಳ್ಳಿಯ ಮಗುವಿಗೂ ತಿಳಿಯುತ್ತದೆ. ಹಾಡುವವರು ಎಷ್ಟೇ ದೊಡ್ಡವರಾಗಲಿ, ಅಂಕಿತವನ್ನು ನುಂಗಿ ಹಾಡುವ ಧೈರ್ಯವನ್ನು ಮಾಡುವುದಿಲ್ಲ. ಹತ್ತಿಯ ಹೊಲದ ಗಾಯಕರಿಗೆ ಅಂಕಿತದ ಕಾವಲು ಇರಲಿಲ್ಲ. ಅವರ ಹೆಸರನ್ನು ಕಾಯಬೇಕಾದ ಕಾನೂನು ಅವರ ಕೈಗೆ ಎಟುಕುತ್ತಿರಲಿಲ್ಲ. ಕಾಯಬೇಕಾದ ಕಂಪೆನಿಗಳು ಕಾಯಲಿಲ್ಲ. ಉಳಿದ ಕಾವಲುಗಾರನು ರಸಿಕನೊಬ್ಬನೇ. ಅವನೂ ಹೆಸರು ನನಗೇಕೆ ಎಂದರೆ ಆ ಹಾಡುಗಳು ಅನಾಥವಾಗುತ್ತವೆ.

ಹೆಸರು ಹೇಳಿದರೆ ಪ್ರೀತಿ ಕುಂದುವುದಿಲ್ಲವೆಂಬುದಕ್ಕೆ ಆ ಸಂಗೀತಗಾರರಲ್ಲಿಯೇ ನಿದರ್ಶನಗಳಿವೆ. ಬೀಟಲ್ಸ್ ಮೇಳದ ಜಾರ್ಜ್ ಹ್ಯಾರಿಸನ್ ೧೯೬೫ರಲ್ಲಿ ಸಿತಾರನ್ನು ಅರೆಬರೆಯಾಗಿ ನುಡಿಸಿದರು. ಮರುವರ್ಷ ಪಂಡಿತ ರವಿಶಂಕರರ ಶಿಷ್ಯರಾಗಿ ಕುಳಿತು ಕಲಿತರು. ಗುರುವಿನ ಹೆಸರನ್ನು ಬಾಯಿತುಂಬ ಹೇಳಿದರು. ೧೯೭೧ರ ಆಗಸ್ಟ್ ೧ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಸಹಾಯಾರ್ಥವಾಗಿ ಅವರಿಬ್ಬರೂ ಕೂಡಿ ನಡೆಸಿದ ಕಚೇರಿಯು ಆ ಸಂಬಂಧದ ಫಲ. ರೋಲಿಂಗ್ ಸ್ಟೋನ್ಸ್ ಮೇಳವೂ ಮುಪ್ಪಿನಲ್ಲಿ ಮೂಲಕ್ಕೆ ಮರಳಿತು. ೨೦೧೬ರಲ್ಲಿ ಹಿರಿಯರ ಬ್ಲೂಸ್ ಹಾಡುಗಳಿಂದಲೇ ಒಂದು ಧ್ವನಿಮುದ್ರಿಕೆಯನ್ನು ತುಂಬಿಸಿತು. ೨೦೨೩ರ ಧ್ವನಿಮುದ್ರಿಕೆಯನ್ನು, ತನಗೆ ಹೆಸರು ಕೊಟ್ಟ ಮಡ್ಡಿ ವಾಟರ್ಸರ ಆ ಹಾಡಿನಿಂದಲೇ ಮುಗಿಸಿತು. ಹಾಡುವವರೇ ಹೀಗೆ ಋಣವನ್ನು ಒಪ್ಪಿಕೊಂಡಿರುವಾಗ ಕೇಳುವವರಿಗೆ ಬಿಗುಮಾನವೇಕೆ?

ಈ ಮಾತು ಕನ್ನಡಿಗರಿಗೂ ದೂರದ್ದಲ್ಲ. ರೋಲಿಂಗ್ ಸ್ಟೋನ್ಸ್ ೨೦೦೩ರಲ್ಲಿ ಬೆಂಗಳೂರಿಗೆ ಬಂದು ಹಾಡಿತು. ೨೦೦೭ರಲ್ಲಿ ಐರನ್ ಮೇಡನ್ ಮೇಳವು ಅರಮನೆಯ ಮೈದಾನದಲ್ಲಿ ಹಾಡಿದಾಗ ಸಹಸ್ರಾರು ಮಂದಿ ನೆರೆದಿದ್ದರು. ಅಲ್ಲಿ ನೆರೆದವರೂ ಕಡಲಾಚೆಯ ಹಾಡಿನ ರಸಿಕರೇ. ಮೂಲದ ಋಣವು ಕೇಳಿದವರಿಗೆಲ್ಲ ಬರುವಂಥದು, ಅದಕ್ಕೆ ದೇಶಭೇದವಿಲ್ಲ.

ಋಣವನ್ನು ತೀರಿಸುವ ಕ್ರಮವು ಕಷ್ಟದ್ದೇನೂ ಅಲ್ಲ. ಮನೆಯಲ್ಲಿ ಜೋಪಾನವಾಗಿ ಕಾಪಾಡಿಕೊಂಡ ಧ್ವನಿಮುದ್ರಿಕೆಗಳನ್ನು ಯಾರೂ ಬೀದಿಗೆ ಎಸೆಯಬೇಕಾಗಿಲ್ಲ. ಅವುಗಳ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾದ ರಚನಕಾರರ ಹೆಸರನ್ನು ಓದಬೇಕು. ಹೆಸರಿಲ್ಲದ ಕಡೆ ಹುಡುಕಬೇಕು. ಹೆಸರು ಸಿಕ್ಕಿದವರ ಕಂಠವನ್ನು ಒಮ್ಮೆಯಾದರೂ ಕೇಳಬೇಕು. ರೋಲಿಂಗ್ ಸ್ಟೋನ್ಸರ ಹಾಡನ್ನು ಮೊಮ್ಮಗನಿಗೆ ಕೇಳಿಸುವ ಅಜ್ಜನು ಅದರ ಪಕ್ಕದಲ್ಲಿ ಹೌಲಿನ್ ವುಲ್ಫರ ಹಾಡನ್ನೂ ಕೇಳಿಸಬೇಕು. ಚಿಕಾಗೊದ ಆ ೨೧೨೦ನೆಯ ನಂಬರಿನ ಕಟ್ಟಡದಲ್ಲಿ, ವಿಲ್ಲಿ ಡಿಕ್ಸನ್ನರು ಸ್ಥಾಪಿಸಿದ 'ಬ್ಲೂಸ್ ಹೆವನ್' ಎಂಬ ಸಂಸ್ಥೆಯು ಅವರ ಕಾಲಾನಂತರ ನೆಲೆಸಿದೆ; ಲಂಡನ್ನಿನ ಬೀದಿಗಳನ್ನು ನೋಡಲು ಸಾವಿರಾರು ಮೈಲಿ ಹಾರಿಹೋಗುವ ಅಮೆರಿಕಾದ ರಸಿಕನು ತನ್ನ ನಾಡಿನ ಆ ಬಾಗಿಲನ್ನೂ ತಟ್ಟಬೇಕು. ಇಷ್ಟನ್ನು ಮಾಡಿದವನ ಪ್ರೀತಿಯನ್ನು ಹುಚ್ಚೆಂದು ಜರೆಯುವ ಬಾಯಿ ತಾನಾಗಿ ಮುಚ್ಚುತ್ತದೆ. ಇಷ್ಟನ್ನೂ ಮಾಡಲೊಲ್ಲದವನು ಅರುವತ್ತು ವರ್ಷ ಹಾಡನ್ನು ಕೇಳಿದವನಾದರೂ ಅರ್ಧವನ್ನು ಮಾತ್ರ ಕೇಳಿದವನು. ಉಳಿದರ್ಧವು ಅವನ ಹಿತ್ತಿಲಲ್ಲಿಯೇ ಇದೆ.